ಗಂಗಾವತಿಯ ಗಿರಣಿಗೆ ಎಐ ಬೇಕೆ?

ಗಂಗಾವತಿಯಿಂದ ಕಾರಟಗಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಅಕ್ಕಿ ಗಿರಣಿಗಳು ಕಾಣುತ್ತವೆ. 1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಯ ಜೋಳ, ಸಜ್ಜೆಯ ಹೊಲಗಳು ಗದ್ದೆಗಳಾದವು. ಗದ್ದೆಗಳ ಬೆನ್ನಿಗೇ ಗಿರಣಿಗಳು ಬಂದವು. ಅಂಥದೊಂದು ಗಿರಣಿಯ ಕಚೇರಿಯಲ್ಲಿ ಒಂದು ಸಂಜೆ ಇಬ್ಬರು ಕುಳಿತಿದ್ದರು. ಒಬ್ಬ ಗಿರಣಿಯ ಪಾಲುದಾರ, ಅಪ್ಪನಿಂದ ಲೆಕ್ಕಪತ್ರ ವಹಿಸಿಕೊಂಡ ಯುವಕ. ಇನ್ನೊಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಶಾಖೆಗಳಲ್ಲಿ ಕುಳಿತು ಗಿರಣಿ, ಮಗ್ಗ, ದಾಳಿಂಬೆ ತೋಟಗಳಿಗೆ ಸಾಲ ಮಂಜೂರು ಮಾಡಿದವರು, ವಸೂಲಿಗೂ ಅಲೆದವರು. ಯುವಕನ ಅಪ್ಪನ ಗೆಳೆಯರಾದ್ದರಿಂದ ಅವನಿಗೆ ಅವರು ಕಾಕಾ.

ಮೇಜಿನ ಮೇಲೆ ಒಂದು ಕೊಟೇಶನ್ ಇತ್ತು. ಅದರಲ್ಲಿ ಮೂರು ಬಾಬ್ತು: ಎಐ ಕ್ಯಾಮೆರಾ ಇರುವ ಹೊಸ ಸಾರ್ಟೆಕ್ಸ್ ಯಂತ್ರ, ಭತ್ತ ಮತ್ತು ಅಕ್ಕಿಯ ದರ ಮುಂದಾಗಿ ಹೇಳುವ ಸಾಫ್ಟ್‌ವೇರ್, ರೈತರಿಗೂ ವ್ಯಾಪಾರಿಗಳಿಗೂ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ಉತ್ತರ ಕೊಡುವ ಚಾಟ್‌ಬಾಟ್.

"ಮೂರೂ ಕೂಡಿ ತಗೊಂಡ್ರ ರಿಯಾಯಿತಿ ಐತಂತ ಕಾಕಾ. ಸುತ್ತಮುತ್ತ ಎಲ್ಲಾರೂ ಹಾಕಸಾಕತ್ತಾರ, ನೀವಷ್ಟ ಹಿಂದ ಉಳೀತೀರಿ ಅಂತ ಹೇಳಿ ಹೋದ್ರು."

ಹಿರಿಯರು ಕನ್ನಡಕ ಏರಿಸಿ ಹಾಳೆಯನ್ನು ಎರಡು ಸಲ ಓದಿದರು. "ಒಂದು ಕೇಳ್ತೀನಿ ತಮ್ಮಾ. ಇದನ್ನ ತಗೊಳ್ಳಾಕ ಹೊಂಟಿದ್ದು ಯಾವುದರ ನಷ್ಟ ನಿಲ್ಲಸಾಕ? ಇಲ್ಲಾ, ಹಿಂದ ಉಳೀತೀವಿ ಅನ್ನೋ ಅಂಜಿಕಿಗೇನು?"

"ಎರಡೂ ಇರಬೌದ್ರಿ."

"ಅಂಜಿಕಿಗೆ ಬ್ಯಾಂಕಿನ್ಯಾಗ ಸಾಲ ಸಿಗತೈತಿ. ಆದ್ರ ಕಂತು ಕಟ್ಟಾಕ ಅಂಜಿಕಿ ಬರೂದಿಲ್ಲ, ಉಳಿತಾಯ ಬರಬೇಕು. ಅದು ಎಲ್ಲಿಂದ ಬರತೈತಿ ಅನ್ನೋದನ್ನ ಮೊದಲ ನೋಡೂಣು."

ಯಂತ್ರ ಬದಲಾಯಿಸುವುದು ಈ ಊರಿಗೆ ಹೊಸದೇನಲ್ಲ. ಹಿಂದೆ ಹಲ್ಲರ್ ಗಿರಣಿಗಳಿದ್ದವು. ಅವುಗಳಲ್ಲಿ ಭತ್ತ ಸುಲಿಯುವುದೂ ಅಕ್ಕಿ ಬಿಳಿ ಮಾಡುವುದೂ ಒಂದೇ ಕಡೆ ನಡೆದು ನುಚ್ಚು ಹೆಚ್ಚಾಗುತ್ತಿತ್ತು, ತೌಡು ಹೊಟ್ಟಿನಲ್ಲಿ ಬೆರೆತುಹೋಗುತ್ತಿತ್ತು. ರಬ್ಬರ್ ರೋಲ್ ಶೆಲ್ಲರ್ ಬಂದ ಮೇಲೆ ಇಡೀ ಅಕ್ಕಿಯ ಪ್ರಮಾಣ ಏರಿತು, ತೌಡು ಬೇರೆಯಾಗಿ ಎಣ್ಣೆ ಗಿರಣಿಗೆ ಮಾರುವ ಸರಕಾಯಿತು. ಹಿರಿಯರು ಆ ಕಾಲದ ಸಾಲದ ಅರ್ಜಿಗಳನ್ನು ನೆನೆದರು. ಅವನ್ನು ತೂಗಿ ನೋಡುವುದು ಸುಲಭವಿತ್ತು. ಒಂದು ಕ್ವಿಂಟಲ್ ಭತ್ತ ಹಾಕಿದರೆ ಹಳೆಯದರಲ್ಲಿ ಎಷ್ಟು ಅಕ್ಕಿ, ಹೊಸದರಲ್ಲಿ ಎಷ್ಟು ಎಂಬುದನ್ನು ತಕ್ಕಡಿಯೇ ಹೇಳುತ್ತಿತ್ತು.

"ಎಐ ಅಂದ್ರೂ ಅದೇ ಪ್ರಶ್ನೆ ಕೇಳಬೇಕು. ಅದಕ್ಕ ಇನ್ನೆರಡು ಸೇರಸಬೇಕು. ಯಂತ್ರ ತಪ್ಪು ಮಾಡಿದ್ರ ನಮಗ ಎಷ್ಟು ಹೊತ್ತಿಗೆ ಗೊತ್ತಾಗತೈತಿ? ಆ ತಪ್ಪಿನ ದುಡ್ಡು ಯಾರ ಕಿಸೆದಿಂದ ಹೋಗತೈತಿ? ಈ ಮೂರು ಬಾಬ್ತಿಗೂ ಈ ಪ್ರಶ್ನೆ ಹಾಕಿ ನೋಡು. ಉತ್ತರ ಒಂದೊಂದಕ್ಕ ಒಂದೊಂದು ಬರತೈತಿ."

ಮೊದಲು ಸಾರ್ಟೆಕ್ಸ್. ಹೆಸರು ಲಂಡನ್ನಿನ ಒಂದು ಕಂಪನಿಯದು. ಈಗ ಯಾವ ಕಂಪನಿಯ ಬಣ್ಣ ವಿಂಗಡಣೆ ಯಂತ್ರವಾದರೂ ಗಂಗಾವತಿಯಲ್ಲಿ ಅದು ಸಾರ್ಟೆಕ್ಸೇ. ಪಾಲಿಶ್ ಆದ ಅಕ್ಕಿ ಇಳಿಜಾರು ದೋಣಿಗಳಲ್ಲಿ ಜಾರಿ ಬೀಳುವಾಗ ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ. ಹಳದಿ ಕಾಳು, ಕಪ್ಪು ಚುಕ್ಕೆಯ ಕಾಳು, ಕಲ್ಲು ಕಂಡ ತಕ್ಷಣ ಕೆಳಗಿನ ನಳಿಕೆ ಗಾಳಿ ಊದಿ ಅದನ್ನು ಬೇರೆ ದಾರಿಗೆ ತಳ್ಳುತ್ತದೆ; ಹಾಗೆ ಹೊರಬಿದ್ದದ್ದೇ ರಿಜೆಕ್ಷನ್. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಹಳೆಯ ಯಂತ್ರಗಳು ಇಷ್ಟು ಹಳದಿಗಿಂತ ಹೆಚ್ಚಾದರೆ ಹೊರಗೆ ಎಂಬ ಗೆರೆ ಹಾಕಿಕೊಂಡು ಕೆಲಸ ಮಾಡುತ್ತವೆ. ಹೊಸ ಯಂತ್ರಗಳಿಗೆ ಒಳ್ಳೆಯ ಕಾಳು, ಕೆಟ್ಟ ಕಾಳುಗಳ ಸಾವಿರಾರು ಚಿತ್ರ ತೋರಿಸಿ ಆಕಾರ, ಬಣ್ಣ, ಒಡಕು ಎಲ್ಲವನ್ನೂ ಒಟ್ಟಿಗೆ ಗುರುತಿಸುವುದನ್ನು ಕಲಿಸಿರುತ್ತಾರೆ.

"ಈಗಿನ ಯಂತ್ರದಾಗ ದಿನಕ್ಕ ಎಷ್ಟು ಚೀಲ ರಿಜೆಕ್ಷನ್ ಬೀಳತೈತಿ?" ಹಿರಿಯರು ಕೇಳಿದರು.

"ಅದನ್ನ ಬರದಿಟ್ಟಿಲ್ರಿ. ತಿಂಗಳಿಗೊಮ್ಮೆ ಒಟ್ಟಿಗೇ ಮಾರತೀವಿ."

"ರಿಜೆಕ್ಷನ್ನಿನ್ಯಾಗ ಒಳ್ಳೇ ಅಕ್ಕಿ ಎಷ್ಟಿರತೈತಿ?"

ಯುವಕ ಸುಮ್ಮನಾದ. ಇಬ್ಬರೂ ಎದ್ದು ಒಳಗೆ ಹೋದರು. ರಿಜೆಕ್ಷನ್ ಪೈಪಿನ ಬಾಯಿಗೆ ಬಟ್ಟಲು ಹಿಡಿದು ನೂರು ಗ್ರಾಂ ಅಕ್ಕಿ ತಂದು ಬಿಳಿ ತಾಟಿನಲ್ಲಿ ಹರವಿದರು. ಹಳದಿ ಕಾಳು ಒಂದು ಕಡೆ, ಕಪ್ಪು ತುದಿಯವು ಒಂದು ಕಡೆ, ನುಚ್ಚು ಒಂದು ಕಡೆ ಎಂದು ಬೆರಳ ತುದಿಯಲ್ಲಿ ಸರಿಸುತ್ತ ಹೋದಂತೆ ತಾಟಿನ ನಡುವೆ ಉಳಿದ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದಾಯಿತು. ಅದು ಮುಕ್ಕಿಲ್ಲದ, ಚುಕ್ಕೆಯಿಲ್ಲದ ಬಿಳಿ ಅಕ್ಕಿ. ತೂಕಕ್ಕಿಟ್ಟರೆ ಮೂರರಲ್ಲಿ ಎರಡು ಪಾಲು ಒಳ್ಳೆಯ ಅಕ್ಕಿಯೇ. ಒಂದು ಕೆಟ್ಟ ಕಾಳನ್ನು ಹೊರಹಾಕಲು ಬಿಟ್ಟ ಗಾಳಿ ಪಕ್ಕದ ಎರಡು ಒಳ್ಳೆಯ ಕಾಳನ್ನೂ ಹೊತ್ತೊಯ್ದಿತ್ತು.

"ಇದು ನಿನ್ನ ನಷ್ಟ," ಎಂದರು ಹಿರಿಯರು. "ಈಗ ಇದರ ಮ್ಯಾಲೆ ಲೆಕ್ಕ ಹಾಕೂಣು."

ಅವರು ಹಾಳೆಯ ಹಿಂಬದಿಗೆ ಬರೆದ ಲೆಕ್ಕ ಹೀಗಿತ್ತು. ಗಿರಣಿ ಗಂಟೆಗೆ 4 ಟನ್ ಭತ್ತದಂತೆ ದಿನಕ್ಕೆ 10 ಗಂಟೆ, ವರ್ಷಕ್ಕೆ 200 ದಿನ ಓಡುತ್ತದೆ ಎಂದುಕೊಂಡರೆ 8,000 ಟನ್ ಭತ್ತ. ಸರ್ಕಾರ ಹಲ್ಲಿಂಗ್‌ಗೆ ಕೊಡುವ ಭತ್ತಕ್ಕೆ ಹಸಿ ಅಕ್ಕಿ ಶೇ 67ರಷ್ಟು ಬರಬೇಕೆಂಬ ನಿಯಮವಿದೆ. ಅದನ್ನೇ ಹಿಡಿದರೆ 5,360 ಟನ್ ಅಕ್ಕಿ. ರಿಜೆಕ್ಷನ್‌ನಲ್ಲಿ ಶೇ 1ರಷ್ಟು ಒಳ್ಳೆಯ ಅಕ್ಕಿ ಹೋಗುತ್ತಿದ್ದರೆ ಅದು 536 ಕ್ವಿಂಟಲ್. ಒಳ್ಳೆಯ ಅಕ್ಕಿಗೂ ರಿಜೆಕ್ಷನ್‌ಗೂ ಕ್ವಿಂಟಲ್‌ಗೆ 2,000 ರೂಪಾಯಿ ಅಂತರವಿದೆ ಎಂದು ಹಿಡಿದರೆ ವರ್ಷದ ನಷ್ಟ 10.72 ಲಕ್ಷ. ಹೊಸ ಯಂತ್ರ 40 ಲಕ್ಷ, ಸಾಲದ ಬಡ್ಡಿ ಶೇ 10 ಎಂದರೆ ಮೊದಲ ವರ್ಷದ ಬಡ್ಡಿಯೇ 4 ಲಕ್ಷ. ಯಂತ್ರ ಆ ನಷ್ಟವನ್ನು ಪೂರ್ತಿ ನಿಲ್ಲಿಸಿದರೂ ಅಸಲಿಗೆ ಉಳಿಯುವುದು 6.72 ಲಕ್ಷ.

"ಐದು ವರ್ಷದಾಗ ತೀರತೈತಿ ಅಲ್ರೀ? ಹಂಗಾದ್ರ ತಗೋಬೌದು."

"ನಿನ್ನ ನಷ್ಟ ಶೇ 1 ಇದ್ರ. ಪಕ್ಕದ ಗಿರಣಿಯವಂದು ಹೋದ ವರ್ಷದ ಯಂತ್ರ, ಅವಂಗ ಶೇ ಕಾಲರಷ್ಟೇ ಹೋಗತೈತಿ ಅಂತಿಟ್ಕೋ. ಅವನ ಉಳಿತಾಯ ವರ್ಷಕ್ಕ 2.68 ಲಕ್ಷ. ಬಡ್ಡಿಗೇ ಸಾಲೂದಿಲ್ಲ. ಯಂತ್ರ ಅದೇ, ರೇಟೂ ಅದೇ, ಆದ್ರೂ ಒಬ್ಬಗ ಲಾಭ ಆಗತೈತಿ, ಇನ್ನೊಬ್ಬಗ ಹೊರೆ ಆಗತೈತಿ. ಎಲ್ಲಾರೂ ಹಾಕಸಾಕತ್ತಾರ ಅನ್ನೋ ಮಾತಿಗೆ ಅದಕ್ಕ ಬೆಲೆ ಇಲ್ಲ."

ಹಿರಿಯರು ಇನ್ನೊಂದು ಸಾಲು ಬರೆದರು. 200 ದಿನದ ಬದಲು 100 ದಿನ.

ಈ ಸಾಲು ಗಂಗಾವತಿಯ ಯಾವ ಗಿರಣಿಯವರಿಗೂ ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ಎರಡನೇ ಬೆಳೆಯ ನೀರು ಬಂದರೆ ಮಾತ್ರ ಬೇಸಿಗೆ ಭತ್ತ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಕತ್ತರಿಸಿ ಗೇಟು ಕೊಚ್ಚಿಹೋದಾಗ ಒಂದು ವಾರ ಇಡೀ ಸೀಮೆ ನಿದ್ದೆಗೆಟ್ಟಿತ್ತು. ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ಮೇಲೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಪ್ರತಿ ವರ್ಷವೂ ಹಾಗೇ ಆಗುತ್ತದೆಂಬ ಭರವಸೆಯಿಲ್ಲ. ಗಿರಣಿ 100 ದಿನ ಮಾತ್ರ ಓಡಿದರೆ ಉಳಿತಾಯ 5.36 ಲಕ್ಷಕ್ಕೆ ಇಳಿಯುತ್ತದೆ. ಬಡ್ಡಿ ಕಳೆದು ಉಳಿಯುವುದು 1.36 ಲಕ್ಷ.

"ಎಐ ಲೆಕ್ಕದಾಗ ಡ್ಯಾಮಿನ ನೀರೂ ಬಂತಲ್ರೀ," ಎಂದ ಯುವಕ.

"ಬರಲೇಬೇಕು. ಕೊಟೇಶನ್ ಮಾಡಿದವರು ಬೆಂಗಳೂರಾಗ ಕುಂತಾರ. ನಿನ್ನ ಗಿರಣಿ ವರ್ಷಕ್ಕ ಎಷ್ಟು ದಿನ ಓಡತೈತಿ ಅನ್ನೋದು ನಿನಗ ಗೊತ್ತು, ಅವರಿಗೆ ಗೊತ್ತಿಲ್ಲ."

ಹಾಗಾದರೆ ಏನು ಮಾಡಬೇಕು? ಹಿರಿಯರ ಸಲಹೆ ಮೂರು ಹಂತದ್ದು. ಮೊದಲು ಈಗಿನ ಯಂತ್ರಕ್ಕೆ ಸರ್ವಿಸ್ ಮಾಡಿಸಬೇಕು. ಗಾಜಿಗೆ ತೌಡಿನ ಧೂಳು ಮೆತ್ತಿದರೆ ಕ್ಯಾಮೆರಾಕ್ಕೆ ಬಿಳಿ ಅಕ್ಕಿಯೂ ಮಸುಕಾಗಿ ಕಾಣುತ್ತದೆ. ಕಂಪ್ರೆಸರ್ ಒತ್ತಡ ಏರುಪೇರಾದರೆ, ಗಾಳಿ ಊದುವ ಕವಾಟ ಸವೆದಿದ್ದರೆ ಒಳ್ಳೆಯ ಕಾಳೂ ಹೊರಗೆ ಹೋಗುತ್ತದೆ. ರಿಜೆಕ್ಷನ್ ಅಕ್ಕಿಯನ್ನು ಇನ್ನೊಮ್ಮೆ ಯಂತ್ರಕ್ಕೆ ಹಾಕಿ ಒಳ್ಳೆಯದನ್ನು ಮರಳಿ ಪಡೆಯುವ ವ್ಯವಸ್ಥೆ ಹಲವು ಯಂತ್ರಗಳಲ್ಲಿದೆ. ಅದನ್ನು ಬಳಸುತ್ತಿದ್ದಾರೆಯೇ ಎಂದು ಆಪರೇಟರ್‌ನನ್ನು ಕೇಳಬೇಕು. ಇಷ್ಟು ಮಾಡಿದ ಮೇಲೂ ಉಳಿಯುವ ನಷ್ಟವೇ ನಿಜವಾದ ನಷ್ಟ. ಅದನ್ನು ದಿನವೂ ತೂಗಿ ಬರೆದಿಡುವುದು ಎರಡನೆಯ ಹಂತ.

ಮೂರನೆಯದು ಪರೀಕ್ಷೆ. ಮಾರುವವರ ಶೋರೂಮಿನಲ್ಲಿ ಅವರೇ ಆರಿಸಿಟ್ಟ ಅಕ್ಕಿಯ ಮೇಲೆ ಯಂತ್ರ ಚೆನ್ನಾಗಿಯೇ ಓಡುತ್ತದೆ. ಮುಂಗಾರು ಬೆಳೆಯ ಸೋನಾ ಮಸೂರಿ, ಬೇಸಿಗೆ ಬೆಳೆಯದು, ಕೊಯ್ಲಿಗೆ ಮಳೆ ಸಿಕ್ಕು ಬಣ್ಣ ಕೆಟ್ಟದ್ದು, ಹೀಗೆ ಗಿರಣಿಗೆ ನಿಜವಾಗಿ ಬರುವ ಮೂರು ಬಗೆಯ ಅಕ್ಕಿಯನ್ನು ಚೀಲದಲ್ಲಿ ಹೊತ್ತೊಯ್ದು ಕಣ್ಣೆದುರು ಓಡಿಸಬೇಕು. ಎರಡೂ ಕಡೆ ಬಿದ್ದದ್ದನ್ನು ತೂಗಬೇಕು, ತಾಟಿನಲ್ಲಿ ಹರವಿ ನೋಡಬೇಕು. ಮಾರುವವರು ಹೇಳಿದ ಪ್ರಮಾಣ ನಮ್ಮ ಗಿರಣಿಯಲ್ಲಿ ಬರದಿದ್ದರೆ ಕೊನೆಯ ಕಂತು ಕೊಡುವುದಿಲ್ಲ ಎಂಬ ಷರತ್ತು ಖರೀದಿ ಪತ್ರದಲ್ಲಿರಬೇಕು.

"ಇನ್ನೂ ಕೇಳೋದೈತಿ," ಎಂದು ಹಿರಿಯರು ಬೆರಳು ಮಡಚುತ್ತ ಹೋದರು. "ಇಂಟರ್ನೆಟ್ ಹೋದ್ರ ಯಂತ್ರ ಓಡತೈತೋ ಇಲ್ಲೋ? ಸಾಫ್ಟ್‌ವೇರ್ ಅಪ್‌ಡೇಟ್ ಪುಕ್ಕಟೆನೋ, ವರ್ಷಾ ವರ್ಷಾ ರೊಕ್ಕ ಕೊಡಬೇಕೋ? ಡಿಸೆಂಬರ್‌ನ್ಯಾಗ ಸುಗ್ಗಿ ಜೋರಿದ್ದಾಗ ಕೆಟ್ಟು ನಿಂತ್ರ ಮೆಕ್ಯಾನಿಕ್ ಎಲ್ಲಿಂದ ಬರತಾನ, ಎಷ್ಟು ತಾಸಿಗೆ ಬರತಾನ? ಇವೆಲ್ಲಾ ಬರವಣಿಗ್ಯಾಗ ಇರಬೇಕು."

ಇಷ್ಟೆಲ್ಲ ಎಚ್ಚರಿಕೆ ಹೇಳಿದರೂ ಮೂರು ಬಾಬ್ತಿನಲ್ಲಿ ಹಿರಿಯರು ಒಲವು ತೋರಿದ್ದು ಈ ಯಂತ್ರಕ್ಕೇ. ಇದು ತಪ್ಪು ಮಾಡಿದರೆ ಆ ತಪ್ಪು ಅರ್ಧ ಗಂಟೆಯಲ್ಲಿ ತಾಟಿನ ಮೇಲೆ ಕಾಣುತ್ತದೆ. ಆಪರೇಟರ್ ಸೆಟ್ಟಿಂಗ್ ಬದಲಿಸಬಹುದು, ಅಕ್ಕಿಯನ್ನು ಮತ್ತೆ ಹಾಕಬಹುದು. ಹೆಚ್ಚೆಂದರೆ ಕೆಲವು ಚೀಲದ ನಷ್ಟ.

ದರ ಹೇಳುವ ಸಾಫ್ಟ್‌ವೇರ್ ಬಗ್ಗೆ ಯುವಕನಿಗೆ ಹೆಚ್ಚು ಆಸೆ. ಸುಗ್ಗಿಯಲ್ಲಿ ಭತ್ತ ಕೊಂಡಿಟ್ಟು ದರ ಏರಿದಾಗ ಅಕ್ಕಿ ಮಾರುವುದೇ ಗಿರಣಿಯ ದೊಡ್ಡ ಲಾಭ, ದೊಡ್ಡ ನಷ್ಟವೂ ಅದೇ.

"ಹತ್ತು ವರ್ಷದ ಮಾರುಕಟ್ಟಿ ದರ ಎಲ್ಲಾ ಕಂಪ್ಯೂಟರ್‌ನ್ಯಾಗ ಐತ್ರಿ. ಅದನ್ನ ಓದಿ ಮುಂದಿನ ತಿಂಗಳ ರೇಟ್ ಹೇಳತೈತಂತ."

ದರದ ದಾಖಲೆ ಇರುವುದು ನಿಜ. 2014ರಲ್ಲಿ ಕರ್ನಾಟಕ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆಗೂಡಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ ಕಟ್ಟಿ ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ಜಾಲಕ್ಕೆ ತಂದಿತು. 2017ರಲ್ಲಿ ರಾಜ್ಯದ ಕೃಷಿ ಬೆಲೆ ಆಯೋಗ ಮೈಕ್ರೋಸಾಫ್ಟ್ ಜೊತೆ ಸೇರಿ ಬೆಲೆ ಮುನ್ಸೂಚನೆಗೆ ಎಐ ಬಳಸುವ ಪ್ರಯತ್ನವನ್ನೂ ಆರಂಭಿಸಿತು. ಪ್ರಯತ್ನ ತಪ್ಪಲ್ಲ. ತೊಂದರೆ ಬೇರೆ ಕಡೆ ಇದೆ.

"2023ರ ಜುಲೈ 20 ನೆನಪೈತೇನು?"

ಯುವಕನಿಗೆ ನೆನಪಿತ್ತು. ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದ ದಿನ ಅದು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ, ಅದೂ ಟನ್‌ಗೆ ಕನಿಷ್ಠ 490 ಡಾಲರ್ ದರದ ಷರತ್ತಿನೊಂದಿಗೆ. ಅಕ್ಟೋಬರ್‌ನಲ್ಲಿ ಆ ಷರತ್ತೂ ಹೋಯಿತು. ಹತ್ತಲ್ಲ, ಇಪ್ಪತ್ತು ವರ್ಷದ ದರ ಓದಿದ ಯಂತ್ರಕ್ಕೂ ದೆಹಲಿಯಲ್ಲಿ ನಾಳೆ ಹೊರಡುವ ಆದೇಶ ಗೊತ್ತಿರುವುದಿಲ್ಲ. ಮಳೆಯಷ್ಟೇ ಸರ್ಕಾರದ ತೀರ್ಮಾನಗಳೂ ಅಕ್ಕಿಯ ದರವನ್ನು ಆಳುತ್ತವೆ.

ದಾಖಲೆಯಲ್ಲೂ ಬಲೆಗಳಿವೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅದಕ್ಕೂ ಹೆಚ್ಚು ತೂಕದ ಚೀಲಕ್ಕೆ ತೆರಿಗೆಯಿಲ್ಲವಾದ್ದರಿಂದ ಗಿರಣಿಗಳು 26 ಕೆ.ಜಿ. ಚೀಲ ಮಾಡಿದವು. ಲೆಕ್ಕದ ಪುಸ್ತಕದಲ್ಲಿ ಇರುವುದು 'ಚೀಲಕ್ಕೆ ಇಷ್ಟು' ಎಂಬ ದರ. ಅದನ್ನು ಹಾಗೇ ಯಂತ್ರಕ್ಕೆ ಉಣಿಸಿದರೆ 2022ರ ಜುಲೈನಲ್ಲಿ ಅಕ್ಕಿಯ ದರ ಶೇ 4ರಷ್ಟು ಏರಿತೆಂದು ಅದು ತಿಳಿಯುತ್ತದೆ. ಏರಿದ್ದು ಚೀಲದ ತೂಕ. ಭತ್ತದ ಕತೆಯೂ ಅದೇ. ಇಲ್ಲಿನ ವ್ಯಾಪಾರ 75 ಕೆ.ಜಿ. ಚೀಲದಲ್ಲಿ, ಬೆಂಬಲ ಬೆಲೆ ಕ್ವಿಂಟಲ್‌ನಲ್ಲಿ. ಕ್ವಿಂಟಲ್‌ಗೆ ಯಾವುದು, ಚೀಲಕ್ಕೆ ಯಾವುದು ಎಂದು ಬೇರ್ಪಡಿಸುವ ಕೆಲಸವನ್ನು ಊರಿನ ಗುಮಾಸ್ತನೇ ಮಾಡಬೇಕು.

"ದೊಡ್ಡವರೂ ಇದರಾಗ ಎಡವ್ಯಾರ," ಎಂದು ಹಿರಿಯರು ಅಮೆರಿಕದ ಜಿಲ್ಲೋ ಕಂಪನಿಯ ಮಾತು ತೆಗೆದರು. ಮನೆಗಳ ಬೆಲೆ ಅಂದಾಜು ಮಾಡುವುದರಲ್ಲಿ ಹೆಸರಾದ ಕಂಪನಿ ಅದು. ತನ್ನ ಗಣಕಲೆಕ್ಕವನ್ನು ನಂಬಿ ತನ್ನದೇ ದುಡ್ಡಿನಲ್ಲಿ ಮನೆ ಕೊಂಡು ಮಾರುವುದಕ್ಕೆ ಇಳಿಯಿತು. ಲೆಕ್ಕ ಹೇಳಿದ ಬೆಲೆಗೆ ಮನೆಗಳು ಮಾರಾಟವಾಗಲಿಲ್ಲ. 2021ರ ನವೆಂಬರ್‌ನಲ್ಲಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು; ಒಂದು ತ್ರೈಮಾಸಿಕದಲ್ಲೇ 30 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತವನ್ನು ನಷ್ಟವೆಂದು ಬರೆದುಕೊಂಡಿತು. ನೌಕರರಲ್ಲಿ ನಾಲ್ಕನೇ ಒಂದು ಪಾಲು ಕೆಲಸ ಕಳೆದುಕೊಂಡರು.

"ಅಂದಾಜು ಹೇಳೂತನಕ ಅವರಿಗೆ ಏನೂ ಆಗಿರಲಿಲ್ಲ. ಅಂದಾಜಿನ ಮ್ಯಾಲೆ ಸ್ವಂತ ರೊಕ್ಕ ಹಾಕಿದಾಗ ಹೊಡತ ಬಿತ್ತು. ಗೋದಾಮಿನ್ಯಾಗ ಭತ್ತ ತುಂಬೂದಂದ್ರ ಅದೇ ತಮ್ಮಾ. ತಪ್ಪು ಗೊತ್ತಾಗೂದು ಆರು ತಿಂಗಳ ಮ್ಯಾಲೆ. ಅಷ್ಟೊತ್ತಿಗೆ ಬಡ್ಡಿನೂ ಬೆಳದಿರತೈತಿ, ಭತ್ತಕ್ಕ ಹುಳಾನೂ ಹತ್ತಿರತೈತಿ. ಸಾಫ್ಟ್‌ವೇರ್ ಮಾರಿದವಂಗ ಏನೂ ಆಗೂದಿಲ್ಲ."

"ಹಂಗಾದ್ರ ಬ್ಯಾಡೇನ್ರಿ?"

"ರೊಕ್ಕ ಕೊಟ್ಟು ಬ್ಯಾಡ. ಒಂದು ವರ್ಷ ಪುಕ್ಕಟೆ ಕೊಡ್ತೀವಿ ಅಂದ್ರ ತಗೋ. ಅದು ಹೇಳಿದ ದರ ಒಂದು ಕಡೆ, ನಿಮ್ಮಪ್ಪ ಹೇಳಿದ ದರ ಒಂದು ಕಡೆ, ಮಾರುಕಟ್ಟ್ಯಾಗ ಬಂದ ದರ ಒಂದು ಕಡೆ ಬರೀತಾ ಹೋಗು. ಅದನ್ನ ನಂಬಿ ಒಂದು ಚೀಲಾನೂ ಹೆಚ್ಚಿಗೆ ಕೊಳ್ಳಬ್ಯಾಡ. ವರ್ಷ ತುಂಬಿದ ಮ್ಯಾಲೆ ಯಾರದು ಹತ್ರ ಬಂತು ನೋಡೂಣು."

ಚಾಟ್‌ಬಾಟ್ ವಿಷಯದಲ್ಲಿ ಹಿರಿಯರು ಕೆನಡಾದ ಒಂದು ತೀರ್ಪು ಹೇಳಿದರು. ಅಜ್ಜಿ ತೀರಿಕೊಂಡ ಮೇಲೆ ಪ್ರಯಾಣ ಮಾಡಬೇಕಾದ ಒಬ್ಬರು ಏರ್ ಕೆನಡಾದ ಚಾಟ್‌ಬಾಟ್‌ಗೆ ರಿಯಾಯಿತಿ ದರದ ಬಗ್ಗೆ ಕೇಳಿದ್ದರು. ಟಿಕೆಟ್ ಕೊಂಡು 90 ದಿನದೊಳಗೆ ಅರ್ಜಿ ಹಾಕಿದರೂ ಸಿಗುತ್ತದೆಂದು ಅದು ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ಹಣ ಕೊಡಲು ನಿರಾಕರಿಸಿದ ಕಂಪನಿ, ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಜವಾಬ್ದಾರಿ ಎಂಬರ್ಥದ ವಾದ ಹೂಡಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಸುಮಾರು 812 ಕೆನಡಾ ಡಾಲರ್ ಕೊಡಬೇಕೆಂದು ಆದೇಶಿಸಿತು. ಮೊತ್ತ ಸಣ್ಣದಾದರೂ ಅಂಗಡಿಯ ಹೆಸರಿನಲ್ಲಿ ಯಂತ್ರ ಆಡಿದ ಮಾತಿಗೆ ಅಂಗಡಿಯೇ ಹೊಣೆ ಎಂಬುದು ಅಲ್ಲಿ ಖಚಿತವಾಯಿತು.

"ರಾತ್ರಿ ಹನ್ನೊಂದಕ್ಕ ಒಬ್ಬ ರೈತ 'ನಾಳೆ ಭತ್ತ ತಂದ್ರ ಏನು ರೇಟ್' ಅಂತ ಕೇಳತಾನ. ಯಂತ್ರ ಒಂದು ಅಂಕಿ ಹೇಳತೈತಿ. ಅವ ಟ್ರ್ಯಾಕ್ಟರ್ ಬಾಡಿಗಿ ಮಾಡಿ ಕನಕಗಿರಿಯಿಂದ ಬರತಾನ. ಇಲ್ಲಿ ನೀನು ಆ ರೇಟ್ ಇಲ್ಲ ಅಂದ್ರ?"

"ಮರ್ಯಾದಿ ಹೋಗತೈತ್ರಿ."

"ಮೂರು ತಲಿಮಾರಿನ ಮರ್ಯಾದಿ."

ಭಾಷೆಯ ಪ್ರಶ್ನೆಯೂ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಯೋಜನೆ ಆರಂಭಿಸಿದ ಮೇಲೆ ಕನ್ನಡದಲ್ಲಿ ಮಾತು ಗುರುತಿಸುವ ತಂತ್ರಾಂಶಗಳು ಸುಧಾರಿಸಿವೆ. ಆದರೆ ಅಳವಂಡಿಯ ರೈತ ಟ್ರ್ಯಾಕ್ಟರ್ ಸದ್ದಿನ ನಡುವೆ ಕಳಿಸಿದ ವಾಯ್ಸ್ ಮೆಸೇಜ್ ಅರ್ಥವಾಗುತ್ತದೆಯೇ ಎಂಬುದನ್ನು ಅದೇ ಮೆಸೇಜ್ ಕೊಟ್ಟು ನೋಡಬೇಕೇ ಹೊರತು ಮಾರುವವರ ಶುದ್ಧ ಕನ್ನಡದ ಮಾದರಿಯಿಂದಲ್ಲ. ಮೆಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ ಐಬಿಎಂ ಜೊತೆಗೂಡಿ ಗ್ರಾಹಕರ ಮಾತು ಕೇಳಿ ಆರ್ಡರ್ ಬರೆದುಕೊಳ್ಳುವ ಎಐಯನ್ನು ನೂರಕ್ಕೂ ಹೆಚ್ಚು ಅಂಗಡಿಗಳಲ್ಲಿ ಪರೀಕ್ಷಿಸಿತು. 2024ರಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಿತು. ಇದನ್ನು ಹಿರಿಯರು ಸೋಲೆಂದು ಹೇಳಲಿಲ್ಲ. ಸಾವಿರಾರು ಅಂಗಡಿಗಳಿರುವ ಕಂಪನಿ ನೂರರಲ್ಲಿ ನೋಡಿ, ಸರಿಬರದಾಗ ನಿಲ್ಲಿಸಿದ್ದು ಒಳ್ಳೆಯ ವ್ಯಾಪಾರಿಯ ಲಕ್ಷಣ ಎಂದರು.

ರೈತರ ಪಹಣಿ, ಆಧಾರ್, ಬ್ಯಾಂಕ್ ಖಾತೆಯ ವಿವರ ಗಿರಣಿಯ ಕಂಪ್ಯೂಟರಿನಲ್ಲಿವೆ. ಚಾಟ್‌ಬಾಟ್ ಕಂಪನಿಗೆ ಅವನ್ನೆಲ್ಲ ತೆರೆದಿಡಬೇಕೆಂದು ಕೊಟೇಶನ್ನಿನ ಕೊನೆಯ ಪುಟ ಹೇಳುತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶ ಸೋರಿಕೆ ತಡೆಯಲು ತಕ್ಕ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಹಿರಿಯರು ಕೊಟೇಶನ್ನಿನ ಆ ಸಾಲಿನ ಕೆಳಗೆ ಗೆರೆ ಎಳೆದು 'ಇಲ್ಲ' ಎಂದು ಬರೆದರು.

"ಮತ್ತ ಪುಕ್ಕಟೆ ಸಿಗೋ ಎಐ ಬಳಸಬೌದೇನ್ರಿ?"

"ಧಾರಾಳ. ಭಾಗ್ಯನಗರಕ್ಕ ಹೋಗಿ ನೋಡು."

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಕೂದಲು ಉದ್ಯಮಕ್ಕೆ ಹೆಸರಾದ ಊರು. ಕೂದಲಿನ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ವಿಂಗಡಿಸುವ ಕೆಲಸ ಕಣ್ಣು ಮತ್ತು ಕೈಯದು. ಅದಕ್ಕೆ ಸದ್ಯ ಯಾರೂ ಲಕ್ಷಗಟ್ಟಲೆ ಸಾಲ ಮಾಡಿ ಯಂತ್ರ ತರಬೇಕಿಲ್ಲ. ಆದರೆ ಹೊರದೇಶದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು, ಅವರ ಉದ್ದನೆಯ ಕರಾರುಪತ್ರವನ್ನು ಕನ್ನಡದಲ್ಲಿ ತಿಳಿದುಕೊಳ್ಳುವುದು ಸಣ್ಣ ವ್ಯಾಪಾರಿಗೆ ಕಷ್ಟದ ಕೆಲಸ. ಚಾಟ್‌ಜಿಪಿಟಿಯಂಥವು ಅಲ್ಲಿ ನೆರವಾಗುತ್ತವೆ. ಪತ್ರ ಕಳಿಸುವ ಮುನ್ನ ವ್ಯಾಪಾರಿ ತಾನೇ ಓದುತ್ತಾನೆ, ತಪ್ಪಿದ್ದರೆ ತಿದ್ದುತ್ತಾನೆ. ದರ, ತೂಕ, ತಾರೀಖು ಮೂರನ್ನು ಮಾತ್ರ ತಾನೇ ತುಂಬಬೇಕು. ಗ್ರಾಹಕರ ಹೆಸರು, ಖಾತೆ ಸಂಖ್ಯೆಯನ್ನು ಅಲ್ಲಿ ಹಾಕಬಾರದು.

ಮಾತು ಗಿರಣಿಯಿಂದ ಹೊಲಕ್ಕೆ ಹೊರಳಿತು. ಕುಷ್ಟಗಿಯಲ್ಲಿ ಯುವಕನ ಸೋದರಮಾವನ ದಾಳಿಂಬೆ ತೋಟವಿದೆ. ಎಲೆಯ ಫೋಟೊ ತೆಗೆದರೆ ರೋಗ ಹೇಳುವ ಆ್ಯಪ್ ಅವರ ಮೊಬೈಲಿನಲ್ಲಿದೆ.

2000ದ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ಈ ಭಾಗದ ದಾಳಿಂಬೆ ತೋಟಗಳನ್ನು ನೆಲಕಚ್ಚಿಸಿದ್ದನ್ನು ಹಿರಿಯರು ಸಾಲದ ಕಡತಗಳಲ್ಲೇ ಕಂಡವರು. ಮಳೆ ಹನಿಯ ಸಿಡಿತದಿಂದ, ಸವರುವ ಕತ್ತರಿಯಿಂದ, ರೋಗ ತಗುಲಿದ ಸಸಿಯಿಂದ ಹರಡುವ ರೋಗ ಅದು. ಶಿಲೀಂಧ್ರದ ಚುಕ್ಕೆಯೂ ದುಂಡಾಣುವಿನ ಚುಕ್ಕೆಯೂ ಮೊದಮೊದಲು ಫೋಟೊದಲ್ಲಿ ಹತ್ತಿರ ಹತ್ತಿರ ಕಾಣಬಹುದು, ಔಷಧಿ ಮಾತ್ರ ಬೇರೆ. ಆ್ಯಪ್ ಹೇಳಿದ್ದನ್ನು ಮೊದಲ ಸುಳಿವೆಂದು ಹಿಡಿದು, ಎಲೆಯನ್ನು ಮುನಿರಾಬಾದಿನ ತೋಟಗಾರಿಕೆ ಕಾಲೇಜಿಗೋ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ ಔಷಧಿ ಹೊಡೆಯುವುದು ಸರಿಯಾದ ದಾರಿ. ಅಲ್ಲಿನ ತಜ್ಞರ ಒಂದು ಮಾತು ಇಡೀ ತೋಟದ ಸಿಂಪಡಣೆಯ ಖರ್ಚು ಉಳಿಸಬಲ್ಲದು.

"ಯಲಬುರ್ಗಾದ ಒಣಬೇಸಾಯದವರು? ಅವರಿಗೆ ಇದರಿಂದ ಏನೂ ಇಲ್ಲೇನ್ರಿ?"

"ಐತಿ. ಎಲ್ಲಾರಕಿಂತ ಹೆಚ್ಚು ಅವರಿಗೇ ಆಗಬೇಕು."

2016ರ ಮುಂಗಾರಿನಲ್ಲಿ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ ಸೇರಿ ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ 175 ಶೇಂಗಾ ಬೆಳೆಗಾರರಿಗೆ ಬಿತ್ತನೆಯ ಸರಿಯಾದ ದಿನವನ್ನು ತಿಳಿಸಿದ್ದವು. ಹಳೆಯ ಮಳೆ ದಾಖಲೆ, ಮಣ್ಣಿನ ತೇವ, ಹವಾಮಾನ ಮುನ್ಸೂಚನೆ ಸೇರಿಸಿ ಲೆಕ್ಕ ಹಾಕಿ ಸಾದಾ ಫೋನಿಗೆ ತೆಲುಗಿನಲ್ಲಿ ಎಸ್ಸೆಮ್ಮೆಸ್ ಹೋಗುತ್ತಿತ್ತು. ಸಲಹೆಯಂತೆ ಬಿತ್ತಿದವರಿಗೆ ಹೆಕ್ಟೇರ್ ಇಳುವರಿ ಸರಾಸರಿ ಶೇ 30ರಷ್ಟು ಹೆಚ್ಚು ಬಂತೆಂದು ಆ ಸಂಸ್ಥೆಗಳು ಹೇಳಿದವು. ಅದೂ ಕಡಿಮೆ ಮಳೆಯ, ಕಪ್ಪು ಕೆಂಪು ಮಣ್ಣಿನ, ಯಲಬುರ್ಗಾಕ್ಕೆ ಅಪರಿಚಿತವಲ್ಲದ ಸೀಮೆ.

"ಅಲ್ಲಿ ರೈತ ಏನೂ ಕೊಂಡಿರಲಿಲ್ಲ, ಗಮನಿಸು," ಎಂದರು ಹಿರಿಯರು. "ಫೋನ್ ಮೊದಲೇ ಇತ್ತು, ಸಲಹಾ ಪುಕ್ಕಟೆ ಬಂತು. ಒಬ್ಬ ರೈತಗ ಇದನ್ನ ಸ್ವಂತಕ್ಕ ಕೊಳ್ಳು ಅಂದ್ರ ಆಗೂದಿಲ್ಲ. ರೈತ ಉತ್ಪಾದಕರ ಕಂಪನಿ, ವಿಶ್ವವಿದ್ಯಾಲಯ, ಸರ್ಕಾರ ಸೇರಿ ಮಾಡಬೇಕಾದ ಕೆಲಸ ಅದು. ಯಾರು ಕೊಳ್ಳಬೇಕು ಅನ್ನೋದೂ ವ್ಯವಹಾರದ ತೀರ್ಮಾನನೇ."

ಯುವಕ ಕೊನೆಗೆ ಕೆಲಸಗಾರರ ಮಾತೆತ್ತಿದ. ಸಾರ್ಟೆಕ್ಸ್ ಬರುವ ಮುನ್ನ ಅಕ್ಕಿಯಲ್ಲಿನ ಕಲ್ಲು, ಕಪ್ಪು ಕಾಳು ಆರಿಸುತ್ತಿದ್ದವರು ಹೆಣ್ಣುಮಕ್ಕಳು. ಹೊಸ ಯಂತ್ರ ಬಂದರೆ ಇನ್ನೆಷ್ಟು ಕೈ ಬೇಡವಾಗುತ್ತವೆ?

ಹಿರಿಯರು ಇದಕ್ಕೆ ಸುಲಭದ ಉತ್ತರ ಕೊಡಲಿಲ್ಲ. ಈ ಗಿರಣಿಯಲ್ಲಿ ಹಳೆಯ ಸಾರ್ಟೆಕ್ಸ್ ಜಾಗಕ್ಕೆ ಹೊಸದು ಬರುವುದರಿಂದ ಯಾರ ಕೆಲಸವೂ ಹೋಗುವುದಿಲ್ಲ. ಆದರೆ ಯಂತ್ರದ ಮುಂದೆ ನಿಲ್ಲುವ ಆಪರೇಟರ್‌ನನ್ನು ಕೇಳದೆ ಯಂತ್ರ ತಂದರೆ ಅದು ಅರ್ಧ ಶಕ್ತಿಯಲ್ಲೇ ಓಡುತ್ತದೆ. ಯಾವ ಊರಿನ ಭತ್ತದಲ್ಲಿ ಕಪ್ಪು ತುದಿ ಹೆಚ್ಚು, ಯಾವ ತಿಂಗಳ ಅಕ್ಕಿಗೆ ಸೆಟ್ಟಿಂಗ್ ಬಿಗಿ ಮಾಡಬೇಕು ಎಂಬುದು ಅವನ ತಲೆಯಲ್ಲಿದೆ. ಪರೀಕ್ಷೆಗೆ ಹೋಗುವಾಗ ಅವನನ್ನು ಕರೆದೊಯ್ಯಬೇಕು, ತರಬೇತಿಯ ಖರ್ಚನ್ನು ಯಂತ್ರದ ಬೆಲೆಯಲ್ಲೇ ಸೇರಿಸಿ ಕೇಳಬೇಕು. ನಷ್ಟ ಕಡಿಮೆಯಾದರೆ ಆ ಉಳಿತಾಯದಲ್ಲಿ ಅವನಿಗೂ ಪಾಲು ಸಲ್ಲಬೇಕು.

ಕೊಟೇಶನ್ನಿನ ಹಿಂಬದಿಯಲ್ಲಿ ತೀರ್ಮಾನಗಳು ಹೀಗೆ ನಿಂತವು. ಸಾರ್ಟೆಕ್ಸ್: ಈಗಿನದಕ್ಕೆ ಸರ್ವಿಸ್, ಮುಂಗಾರು ಸುಗ್ಗಿ ಮುಗಿಯುವವರೆಗೆ ದಿನವೂ ರಿಜೆಕ್ಷನ್ ತೂಕ, ಎರಡನೇ ಬೆಳೆಯ ನೀರಿನ ತೀರ್ಮಾನ ಬಂದ ಮೇಲೆ ನಮ್ಮ ಅಕ್ಕಿಯಲ್ಲೇ ಪರೀಕ್ಷೆ, ಆಮೇಲೆ ಸಾಲದ ಅರ್ಜಿ. ದರ ಹೇಳುವ ಸಾಫ್ಟ್‌ವೇರ್: ದುಡ್ಡು ಕೊಟ್ಟು ಬೇಡ. ಚಾಟ್‌ಬಾಟ್: ಗಿರಣಿಯ ವೇಳೆ, ವಿಳಾಸ, ತರಬೇಕಾದ ಕಾಗದಪತ್ರ ಇಷ್ಟನ್ನು ತಿಳಿಸಲು ಸಾಕು, ದರ ಹೇಳುವುದು ಮನುಷ್ಯನೇ. ರಿಯಾಯಿತಿಯ ಆಸೆಗೆ ಮೂರನ್ನೂ ಕೂಡಿ ಕೊಳ್ಳುವ ಮಾತಿಲ್ಲ.

ಆದರೆ ಇಂಥ ಪರೀಕ್ಷೆಯನ್ನು ಪ್ರತಿ ಗಿರಣಿಯೂ ಒಂಟಿಯಾಗಿ ಮಾಡುವುದು ಕಷ್ಟ. ಸಣ್ಣ ಗಿರಣಿಯವರ ಬಳಿ ಅಷ್ಟು ಬಿಡುವೂ ಇಲ್ಲ, ಮಾರುವವರನ್ನು ಪ್ರಶ್ನಿಸುವ ಬಲವೂ ಇಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ತಾಂತ್ರಿಕ ಕಾಲೇಜಿನಲ್ಲಿ ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗವಿದೆ. ಅದೇ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲೇ ಇದೆ. ಗಂಗಾವತಿ, ಕಾರಟಗಿಯ ಗಿರಣಿ ಮಾಲೀಕರು ಒಟ್ಟಾಗಿ ಅವರನ್ನು ಕೇಳಿಕೊಂಡು, ಮಾರುಕಟ್ಟೆಗೆ ಬಂದಿರುವ ಎಐ ಸಾರ್ಟೆಕ್ಸ್‌ಗಳನ್ನೆಲ್ಲ ಒಂದೇ ಕಡೆ, ಇಲ್ಲಿನ ಎರಡೂ ಬೆಳೆಯ ಅಕ್ಕಿಯ ಮೇಲೆ ಓಡಿಸಿ, ಪ್ರತಿಯೊಂದರ ರಿಜೆಕ್ಷನ್‌ನಲ್ಲಿ ಎಷ್ಟು ಒಳ್ಳೆಯ ಅಕ್ಕಿ ಹೋಯಿತೆಂಬ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಲಿ. ಮುಂದಿನ ಸುಗ್ಗಿಗೆ ಮೊದಲೇ ಈ ಕೆಲಸ ಆಗಬೇಕು.